ಬೇಡದ ವಿಚಾರ, ಬಿಡದ ಗೀಳು

ತವರುಮನೆಯ ಬಾಣಂತಿ ಕೋಣೆ. ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ಕೆಟ್ಟ ಗಾಳಿ ಸೋಕದಿರಲಿ ಎಂದು ಅಜ್ಜಿ ತಲೆದಿಂಬಿನ ಕೆಳಗೆ ಕುಡಗೋಲು ಇಟ್ಟಿದ್ದಾಳೆ. ನಡುರಾತ್ರಿ ಹಾಲು ಕುಡಿಸಿ ಕೂಸನ್ನು ಮಲಗಿಸುವಾಗ ತಾಯಿಯ ತಲೆಗೆ ಎಲ್ಲಿಂದಲೋ ಒಂದು ವಿಚಾರ ನುಗ್ಗುತ್ತದೆ: ಈ ಕುಡಗೋಲಿನಿಂದ ನಾನೇ ಕೂಸಿಗೆ ಏನಾದರೂ ಮಾಡಿಬಿಟ್ಟರೆ? ಅಂಗೈ ಬೆವರುತ್ತದೆ. ಕುಡಗೋಲನ್ನು ತೆಗೆದು ಪಡಸಾಲೆಗೆ ಒಯ್ದು ಇಡುತ್ತಾಳೆ. ಮರುದಿನ ಅಡುಗೆಮನೆಯ ಈಳಿಗೆಯ ಕಡೆಗೂ ನೋಡಲಾರಳು. ವಾರ ಕಳೆಯುವಷ್ಟರಲ್ಲಿ ಕೂಸಿಗೆ ಎರೆಯಲು ಒಲ್ಲೆ ಎನ್ನುತ್ತಾಳೆ, ಕೂಸಿನ ಜೊತೆ ಒಬ್ಬಳೇ ಇರಲು ಒಲ್ಲೆ ಎನ್ನುತ್ತಾಳೆ. ಏಕೆಂದು ಕೇಳಿದರೆ ಬಾಯಿ ಬಿಡಲಾರಳು. ಬಿಟ್ಟರೆ “ಇಂಥಾ ತಾಯಿನೂ ಇರ್ತಾಳೇನು?” ಅಂದಾರು ಎಂಬ ಭಯ. ಮನೆಯವರು ಗಾಳಿಯೇ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ.

ಇದು ಯಾರೋ ಒಬ್ಬರ ಕಥೆಯಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಯಾವ ದೇಶದಲ್ಲಾದರೂ ನಡೆಯುವಂಥದ್ದು ಕೂಡ. ಕೆನಡಾದಲ್ಲಿ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲಾ ವುಡಿ ಎಂಬ ಮನಶ್ಶಾಸ್ತ್ರಜ್ಞೆಯರು ಚೊಚ್ಚಲ ತಾಯಂದಿರನ್ನು ಮಾತನಾಡಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೂಸಿಗೆ ಆಕಸ್ಮಿಕವಾಗಿ ಏನಾದರೂ ಆಗಿಬಿಟ್ಟರೆ ಎಂಬ ವಿಚಾರ ಹೆಚ್ಚೂಕಡಿಮೆ ಎಲ್ಲ ತಾಯಂದಿರಿಗೂ ಬಂದಿತ್ತು. ತಾನೇ ಬೇಕೆಂದು ಕೂಸಿಗೆ ಪೆಟ್ಟು ಮಾಡಿಬಿಟ್ಟರೆ ಎಂಬ ವಿಚಾರ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಂದಿತ್ತು. ಅವರೆಲ್ಲ ಒಳ್ಳೆಯ ತಾಯಂದಿರೇ. ಈ ಒಂದು ಮಾತನ್ನು ಪ್ರತಿ ಹೆರಿಗೆ ವಾರ್ಡಿನಲ್ಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆಯ ಬಾಯಲ್ಲಿ, ಬಾಣಂತಿಗೆ ಮೊದಲೇ ಹೇಳಿಬಿಟ್ಟರೆ ಎಷ್ಟೋ ಹೆಂಗಸರ ಎದೆಯ ಭಾರ ಅಲ್ಲೇ ಇಳಿದೀತು ಎಂದು ನಾನು ಬಲವಾಗಿ ನಂಬಿದ್ದೇನೆ.

ಬಾಣಂತಿಯರಿಗಷ್ಟೇ ಅಲ್ಲ. 1978ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಒಂದು ಸರಳ ಪ್ರಶ್ನೆ ಕೇಳಿದರು: ಕಾಯಿಲೆ ಇಲ್ಲದ ಸಾಮಾನ್ಯ ಜನರಿಗೆ ಇಂಥ ಕೆಟ್ಟ ವಿಚಾರಗಳು ಬರುತ್ತವೆಯೇ? ಬಹುಪಾಲು ಜನ ಹೌದು ಎಂದರು. ಯಾರನ್ನೋ ತಳ್ಳಿಬಿಡಬೇಕೆನ್ನಿಸುವುದು, ದೇವರ ಮುಂದೆ ಹೊಲಸು ಮಾತು ನೆನಪಾಗುವುದು, ಹತ್ತಿರದವರ ಬಗ್ಗೆ ನಾಚಿಕೆಗೇಡಿನ ಚಿತ್ರ ಕಣ್ಮುಂದೆ ಬರುವುದು, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಆಸ್ಪತ್ರೆಗೆ ಬಂದ ರೋಗಿಗಳ ವಿಚಾರಗಳನ್ನೂ ಈ ಸಾಮಾನ್ಯರ ವಿಚಾರಗಳನ್ನೂ ಬೆರೆಸಿಟ್ಟರೆ, ಯಾವುದು ಯಾರದೆಂದು ಹೇಳುವುದು ಬಲ್ಲವರಿಗೂ ಸುಲಭವಾಗಲಿಲ್ಲ. ಮುಂದೆ 2014ರಲ್ಲಿ ಆಡಮ್ ರಡೋಮ್ಸ್ಕಿ ಮತ್ತು ಸಂಗಡಿಗರು 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದಾಗ, ಹಿಂದಿನ 3 ತಿಂಗಳಲ್ಲಿ ಇಂಥ ಒಂದಾದರೂ ವಿಚಾರ ಬಂದಿತ್ತೆಂದವರು ನೂರಕ್ಕೆ 90ಕ್ಕೂ ಹೆಚ್ಚು.

ಹಾಗಾದರೆ ರೋಗ ಯಾವುದು? ವಿಚಾರ ಬರುವುದು ರೋಗವಲ್ಲ. ಬಂದ ವಿಚಾರಕ್ಕೆ ಮನುಷ್ಯ ಏನು ಅರ್ಥ ಹಚ್ಚುತ್ತಾನೆ, ಅದನ್ನು ಹೊರದಬ್ಬಲು ಏನೇನು ಮಾಡುತ್ತಾನೆ ಎಂಬಲ್ಲಿ ಗೀಳು ಕಾಯಿಲೆ ಬೇರೂರುತ್ತದೆ. ವೈದ್ಯರು ಇದನ್ನು ಓಸಿಡಿ ಎನ್ನುತ್ತಾರೆ. ಹೆಚ್ಚಿನ ಜನ ತಲೆಗೆ ಬಂದದ್ದನ್ನು ‘ಛೀ, ಇದೇನಿದು’ ಎಂದು ಬಿಟ್ಟು ಎಮ್ಮೆಗೆ ಮೇವು ಹಾಕಲು ಹೋಗುತ್ತಾರೆ. ಇನ್ನೊಬ್ಬರಿಗೆ ಅದೇ ವಿಚಾರ ತೀರ್ಪಿನ ಹಾಗೆ ಕೇಳಿಸುತ್ತದೆ: ‘ನನಗೆ ಹೀಗೆ ಅನ್ನಿಸಿತೆಂದರೆ ನಾನು ಒಳಗೊಳಗೆ ಅಂಥವನೇ ಇರಬೇಕು.’ ಮನಸ್ಸಿಗೆ ಬಂದದ್ದೂ ಕೈಯಾರೆ ಮಾಡಿದ್ದೂ ಒಂದೇ ಎಂಬ ಈ ಗ್ರಹಿಕೆಯನ್ನು ರಾಕ್‌ಮನ್ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದರು. ಅದಕ್ಕೂ ಮೊದಲು, 1985ರಲ್ಲಿ, ಪಾಲ್ ಸಾಲ್ಕೊವ್‌ಸ್ಕಿಸ್ ಇನ್ನೊಂದು ಎಳೆ ಹಿಡಿದಿದ್ದರು. ಲೋಕದಲ್ಲಿ ಆಗಬಹುದಾದ ಕೆಡುಕಿಗೆಲ್ಲ ತಾನೇ ಹೊಣೆ, ತಾನೇ ತಡೆಯಬೇಕು ಎಂಬ ಅತಿಯಾದ ಜವಾಬ್ದಾರಿಯ ಭಾವ ಗೀಳಿನ ಬೆನ್ನೆಲುಬು ಎಂಬುದು ಅವರ ವಾದ. ಈ ಕಾಯಿಲೆ ಹಿಡಿಯುವುದು ಕಲ್ಲು ಮನಸ್ಸಿನವರನ್ನಲ್ಲ, ಯಾರಿಗೂ ನೋವಾಗಬಾರದೆಂದು ಅತಿಯಾಗಿ ಹಂಬಲಿಸುವವರನ್ನು.

ನಮ್ಮ ಸೀಮೆಯಲ್ಲಿ ಗೀಳು ನಮ್ಮದೇ ಬಟ್ಟೆ ತೊಟ್ಟುಕೊಂಡು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸಿಂಧನೂರಿನ ಸುತ್ತ ಭತ್ತ ಬೆಳೆಯುತ್ತದೆ. ಭತ್ತದ ಜೊತೆಗೆ ಎಣ್ಣೆ ಹೊಡೆಯುವುದೂ ಬಂತು. ಔಷಧ ಹೊಡೆದು ಬಂದ ರೈತ ಒಮ್ಮೆ ಸಾಬೂನು ಹಚ್ಚಿ ಕೈ ತೊಳೆಯುವುದು ಎಚ್ಚರಿಕೆ. ಗೀಳು ಹತ್ತಿದವನಿಗೆ ಹದಿನೈದನೆಯ ಸಲ ತೊಳೆದರೂ ಬೆರಳ ಸಂದಿಯಲ್ಲಿ ವಿಷ ಉಳಿದಂತೆ. ಮೊಮ್ಮಗನನ್ನು ಮುಟ್ಟಲಾರ, ರೊಟ್ಟಿ ಮುರಿಯಲಾರ. ಮತ್ತೊಬ್ಬನಿಗೆ ಹೊಲದ ಮೋಟರಿನ ಸ್ಟಾರ್ಟರ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಸಂಶಯ. ಯಾರಾದರೂ ವಯರ್ ತುಳಿದು ಸತ್ತರೆ ಪಾಪ ತನ್ನದೇ ಎಂದು ರಾತ್ರಿ ಟಾರ್ಚ್ ಹಿಡಿದು ಮೂರು ಸಲ ಹೋಗಿ ಬರುತ್ತಾನೆ. ಬೈಕ್ ಮೇಲೆ ಹೋಗುವಾಗ ಗುಂಡಿ ಹಾರಿಸಿದವನಿಗೆ ಯಾರನ್ನೋ ಗುದ್ದಿದೆನೇನೋ ಅನ್ನಿಸುತ್ತದೆ. ಹಿಂತಿರುಗಿ ಹೋಗಿ ರಸ್ತೆ ನೋಡುತ್ತಾನೆ, ಮತ್ತೆ ನೋಡುತ್ತಾನೆ. ಪರೀಕ್ಷೆಗೆ ಓದುವ ಹುಡುಗಿ ಒಂದೇ ಸಾಲನ್ನು ‘ಸರಿಯಾಗಿ ತಿಳಿಯಿತು’ ಅನ್ನಿಸುವ ತನಕ ಓದುತ್ತಲೇ ಕೂರುತ್ತಾಳೆ. ಹಾಗೆ ಅನ್ನಿಸುವುದೇ ಇಲ್ಲ.

ದೇವರ ವಿಷಯಕ್ಕೆ ಬಂದರೆ ಸಂಕಟ ಇನ್ನೂ ಆಳ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟವನಿಗೆ ಬರಬಾರದ ಬೈಗುಳ ತಲೆಯಲ್ಲಿ ಮೊಳಗಿದರೆ ಪೂಜೆಯನ್ನು ಮೊದಲಿನಿಂದ ಶುರು ಮಾಡುತ್ತಾನೆ. ನಮಾಜಿಗೆ ಮುಂಚೆ ವಜೂ ಮಾಡುವವನಿಗೆ ಮೊಣಕೈ ಒದ್ದೆಯಾಗಲಿಲ್ಲ ಎನ್ನಿಸಿದರೆ ನಲ್ಲಿಯ ಮುಂದೆಯೇ ಹೊತ್ತು ಮುಳುಗುತ್ತದೆ. ಮುಸ್ಲಿಂ ಮನೆಗಳಲ್ಲಿ ಇದಕ್ಕೆ ವಸ್ವಸಾ ಎಂಬ ಹಳೆಯ ಹೆಸರೇ ಇದೆ. ಸಾವಿರ ವರ್ಷಕ್ಕೂ ಹಿಂದೆ ಬಾಳಿದ ಅಬೂ ಜೈದ್ ಅಲ್-ಬಲ್ಖಿ ಎಂಬ ವಿದ್ವಾಂಸ ದೇಹ ಮತ್ತು ಆತ್ಮಗಳ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ಈ ಬಗೆಯ ಗೀಳು ವಿಚಾರಗಳಿಗೆ ಬೇರೆಯೇ ಅಧ್ಯಾಯ ಕೊಟ್ಟು, ಅದನ್ನು ದುಃಖ, ಕೋಪ, ಭಯಗಳಿಂದ ಬೇರ್ಪಡಿಸಿ ನೋಡಿದ್ದಾನೆ. ಇದು ಮೊಬೈಲ್ ಕಾಲದ ಹೊಸ ಕಾಯಿಲೆ ಎನ್ನುವವರು ತಿಳಿಯಬೇಕಾದ ಸಂಗತಿ.

ಈ ಎಲ್ಲದರಲ್ಲೂ ಒಂದೇ ಸುತ್ತು ಕೆಲಸ ಮಾಡುತ್ತದೆ. ವಿಚಾರ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮನುಷ್ಯ ತೊಳೆಯುತ್ತಾನೆ ಅಥವಾ ನೋಡಿಬರುತ್ತಾನೆ ಅಥವಾ ಮಂತ್ರ ಹೇಳಿಕೊಳ್ಳುತ್ತಾನೆ ಅಥವಾ ಹೆಂಡತಿಯನ್ನು ಕೇಳುತ್ತಾನೆ. ಎದೆಬಡಿತ ಸ್ವಲ್ಪ ಇಳಿಯುತ್ತದೆ. ಆ ಕ್ಷಣದ ನೆಮ್ಮದಿಯೇ ಮೋಸ. ಯಾಕೆಂದರೆ ಮಿದುಳು ಕಲಿತ ಪಾಠ ಇದು: ಅಪಾಯ ನಿಜವಾಗಿಯೂ ಇತ್ತು, ತೊಳೆದದ್ದರಿಂದಲೇ ತಪ್ಪಿತು. ಮುಂದಿನ ಸಲ ವಿಚಾರ ಇನ್ನಷ್ಟು ಜೋರಾಗಿ ಬರುತ್ತದೆ, ತೊಳೆಯುವುದೂ ಹೆಚ್ಚುತ್ತದೆ. ಕೆಲವರಲ್ಲಿ ಹೊರಗೆ ಕಾಣುವ ಕ್ರಿಯೆಯೇ ಇರುವುದಿಲ್ಲ. ಎಲ್ಲವೂ ತಲೆಯೊಳಗೇ ನಡೆಯುತ್ತದೆ. ಕೆಟ್ಟ ಚಿತ್ರ ಬಂದೊಡನೆ ಒಳ್ಳೆಯ ಚಿತ್ರ ತಂದುಕೊಳ್ಳುವುದು, ಎಣಿಸುವುದು, ನಡೆದದ್ದನ್ನು ಮತ್ತೆ ಮತ್ತೆ ನೆನೆದು ‘ನಾನು ಹಾಗೆ ಮಾಡಿಲ್ಲ ತಾನೇ’ ಎಂದು ತನ್ನನ್ನೇ ವಿಚಾರಣೆಗೆ ಎಳೆಯುವುದು. ಇಂಥವರ ಕಷ್ಟ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ‘ಸುಮ್ಮನೆ ಕುಂತಿರ್ತಾನ, ಸೋಮಾರಿ’ ಎಂಬ ಬಿರುದು ಮಾತ್ರ ಸಿಗುತ್ತದೆ.

“ಅದನ್ನ ಯೋಚನಿ ಮಾಡಬ್ಯಾಡ, ಬಿಟ್ಟುಬಿಡು” ಎಂಬುದು ಊರವರೆಲ್ಲ ಕೊಡುವ ಸಲಹೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಅದು ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದು ಹೇಳಿ ಕೂರಿಸಿದ. ಅವರಿಗೆ ಕರಡಿಯನ್ನು ತಡೆಯಲಾಗಲಿಲ್ಲ. ಆಮೇಲೆ ನೆನೆಯಬಹುದು ಎಂದು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರ ತಲೆಯಲ್ಲಿ ಕರಡಿ ಹೆಚ್ಚು ಓಡಾಡಿತು. ವಿಚಾರವನ್ನು ತಡೆಯಬೇಕೆಂದರೆ ಅದು ಬಂದಿದೆಯೇ ಎಂದು ಕಾಯುತ್ತಿರಬೇಕಲ್ಲ. ಆ ಕಾವಲೇ ಅದನ್ನು ಕರೆತರುತ್ತದೆ.

ಇಲ್ಲಿ ಮಸ್ಕಿಯ ಮಾತು ಹೇಳದೆ ಮುಂದೆ ಹೋಗಲಾರೆ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಮಸ್ಕಿಯ ಬೆಟ್ಟದಲ್ಲಿ ಬಿದ್ದ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ರಾಜ ಯಾರೆಂಬ ಚರ್ಚೆಗೆ ಅದರಿಂದ ತೆರೆಬಿತ್ತು. ತಾನು ಬುದ್ಧನ ಅನುಯಾಯಿಯಾದ ಸಂಗತಿಯನ್ನು ಅಶೋಕ ಅಲ್ಲಿ ಬರೆಸಿದ್ದಾನೆ. ಆ ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ವಿತಕ್ಕಸಂಠಾನ ಎಂಬ ಸುತ್ತವಿದೆ. ಬೇಡದ ವಿಚಾರ ಕಾಡುವ ಭಿಕ್ಷುವಿಗೆ ಅದು 5 ಉಪಾಯಗಳನ್ನು ಒಂದರ ನಂತರ ಒಂದರಂತೆ ಹೇಳಿಕೊಡುತ್ತದೆ: ಬೇರೆ ವಿಚಾರಕ್ಕೆ ಮನಸ್ಸು ತಿರುಗಿಸುವುದು, ಅದರ ಕೆಡುಕನ್ನು ನೆನೆಯುವುದು, ಅದಕ್ಕೆ ಗಮನ ಕೊಡದಿರುವುದು, ಅದು ಹುಟ್ಟುವ ಬಗೆಯನ್ನು ನೋಡುತ್ತ ತಣಿಸುವುದು, ಕೊನೆಗೆ ಹಲ್ಲು ಕಚ್ಚಿ ಹತ್ತಿಕ್ಕುವುದು. ಮೇಲೆ ಹೇಳಿದ ಪದ್ಮಲ್ ಡಿ ಸಿಲ್ವ ಅವರೇ 1985ರಲ್ಲಿ ಈ ಉಪಾಯಗಳನ್ನು ಇಂದಿನ ವರ್ತನಾ ಚಿಕಿತ್ಸೆಯ ಪಕ್ಕ ಇಟ್ಟು ತೂಗಿದರು. ಗೀಳಿನ ಮಟ್ಟಿಗೆ ಹೇಳುವುದಾದರೆ ಹಲ್ಲು ಕಚ್ಚಿ ಹತ್ತಿಕ್ಕುವ ಕೊನೆಯ ದಾರಿ ಕೈಕೊಡುತ್ತದೆ. ಆದರೆ ವಿಚಾರದ ಜೊತೆ ಜಗಳಕ್ಕಿಳಿಯದೆ, ಅದು ಹುಟ್ಟಿ ಅಡಗುವುದನ್ನು ನೋಡುವ ದಾರಿ ಇಂದಿನ ಚಿಕಿತ್ಸಕರ ಕೋಣೆಯಲ್ಲೂ ಇದೆ.

ಆ ಕೋಣೆಯಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಕಿತ್ಸೆಯ ಹೆಸರು ಇಆರ್‌ಪಿ. ಅಂಜಿಕೆ ಹುಟ್ಟಿಸುವ ಸಂಗತಿಗೆ ಬೇಕೆಂದೇ ಎದುರಾಗುವುದು, ಎದುರಾದ ಮೇಲೆ ತೊಳೆಯುವ, ನೋಡಿಬರುವ, ಕೇಳುವ ಕ್ರಿಯೆಯನ್ನು ತಡೆಹಿಡಿಯುವುದು, ಈ ಎರಡು ಭಾಗ ಅದರಲ್ಲಿವೆ. ಇದರ ಬೀಜ ಬಿದ್ದದ್ದು 1966ರಲ್ಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಬಗ್ಗೆ ಬರೆದ. ಒಬ್ಬರಿಗೆ ತೊಳೆಯುವ ಗೀಳು, ಇನ್ನೊಬ್ಬರಿಗೆ ದೇವನಿಂದೆಯ ವಿಚಾರಗಳು. ಬೇರೆ ಚಿಕಿತ್ಸೆಗಳೆಲ್ಲ ಸೋತಿದ್ದವು. ಮೇಯರ್ ಅವರನ್ನು ಅಂಜಿಕೆಯ ಎದುರಿಗೇ ನಿಲ್ಲಿಸಿದ, ದಾದಿಯರ ಕಣ್ಗಾವಲಿನಲ್ಲಿ ಆ ಕ್ರಿಯೆಗಳನ್ನು ತಡೆದ. ಅವರು ನಂಬಿದ್ದ ಅನಾಹುತ ಆಗಲಿಲ್ಲ. ಇಬ್ಬರೂ ಬಹಳ ಮಟ್ಟಿಗೆ ಸುಧಾರಿಸಿದರು. ಅಲ್ಲಿಯ ತನಕ ಗೀಳು ಕಾಯಿಲೆಗೆ ಮದ್ದೇ ಇಲ್ಲ ಎಂದು ವೈದ್ಯರೇ ಕೈಚೆಲ್ಲುತ್ತಿದ್ದರು ಎಂಬುದನ್ನು ನೆನೆದರೆ ಆ ಚಿಕ್ಕ ಲೇಖನದ ಬೆಲೆ ತಿಳಿಯುತ್ತದೆ.

ಇಂದು ದಾದಿ ಕಾವಲು ಕಾಯುವುದಿಲ್ಲ. ತಡೆಯುವವರು ರೋಗಿಯೇ, ಜೊತೆಗಿದ್ದು ಕಲಿಸುವವರು ಚಿಕಿತ್ಸಕರು. ಮೊದಲ ಒಂದೆರಡು ಭೇಟಿ ಪೂರ್ತಿ ಕೇಳುವುದಕ್ಕೇ. ಯಾವ ವಿಚಾರ, ದಿನಕ್ಕೆ ಎಷ್ಟು ಹೊತ್ತು, ಅದಕ್ಕೆ ಏನು ಮಾಡುತ್ತೀರಿ, ಯಾವುದನ್ನು ತಪ್ಪಿಸುತ್ತೀರಿ, ಮನೆಯವರನ್ನು ಏನು ಕೇಳುತ್ತೀರಿ. 1989ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 10 ಪ್ರಶ್ನೆಗಳ ಒಂದು ಅಳತೆಗೋಲಿದೆ. 40 ಅಂಕಗಳಿಗೆ ಎಷ್ಟು ಬಂತು ಎಂಬುದರ ಮೇಲೆ ಕಾಯಿಲೆಯ ಬಿಗಿ ತಿಳಿಯುತ್ತದೆ, ಮುಂದೆ ಎಷ್ಟು ಇಳಿಯಿತು ಎಂಬುದೂ ತಿಳಿಯುತ್ತದೆ. ಜೀವನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ ಮಾತಿಗೆ ಎದುರಿಗೆ ಕೂತವರು ಹೌಹಾರದೆ, “ಇದು ಇನ್ನೂ ಬಹಳ ಜನಕ್ಕೆ ಬರ್ತದಮ್ಮ, ಹೇಳು” ಎಂದರೆ ಅರ್ಧ ಚಿಕಿತ್ಸೆ ಅಲ್ಲಿಯೇ ಶುರುವಾಗುತ್ತದೆ.

ಆಮೇಲೆ ಇಬ್ಬರೂ ಕೂಡಿ ಅಂಜಿಕೆಗಳ ಏಣಿ ಕಟ್ಟುತ್ತಾರೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 100ರ ತನಕ ಅಂಕ. ಆ ಬಾಣಂತಿಯ ಏಣಿಯಲ್ಲಿ ತನ್ನ ತಾಯಿ ಪಕ್ಕದಲ್ಲಿರುವಾಗ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುವುದು 30 ಇರಬಹುದು. ಕೂಸು ಅದೇ ಕೋಣೆಯ ತೊಟ್ಟಿಲಲ್ಲಿರುವಾಗ ಹೆಚ್ಚುವುದು 60. ಮನೆಯಲ್ಲಿ ಯಾರೂ ಇಲ್ಲದಾಗ ಕೂಸಿಗೆ ಎರೆಯುವುದು 90. ಕೆಳಗಿನ ಮೆಟ್ಟಿಲಿನಿಂದ ಶುರು. ಹೆಚ್ಚುವಾಗ ಕೆಟ್ಟ ವಿಚಾರ ಬರುತ್ತದೆ, ಬರಲಿ. ಈಳಿಗೆಯನ್ನು ಬಿಟ್ಟು ಏಳಬಾರದು, ದೇವರ ಹೆಸರು ಹೇಳಿ ವಿಚಾರವನ್ನು ಅಳಿಸಬಾರದು, ‘ನಾ ಏನೂ ಮಾಡಂಗಿಲ್ಲಲ್ಲಾ?’ ಎಂದು ಕೇಳಬಾರದು. ಎದೆಬಡಿತ ಏರುತ್ತದೆ, ಬಹಳ ಸಲ ಹೊತ್ತು ಕಳೆದಂತೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೂ ಅಡ್ಡಿಯಿಲ್ಲ ಎಂಬುದು ಇತ್ತೀಚಿನ ತಿಳಿವಳಿಕೆ. ಅಂಜಿಕೆಯನ್ನು ಹೊತ್ತುಕೊಂಡೇ ಕೈಯಲ್ಲಿದ್ದ ಕೆಲಸ ಮುಗಿಸಬಹುದು, ಅಂದುಕೊಂಡ ಅನಾಹುತ ಆಗುವುದಿಲ್ಲ ಎಂಬ ಹೊಸ ಪಾಠವನ್ನು ಮಿದುಳು ಕಲಿಯುವುದು ಮುಖ್ಯ.

ಬರೀ ತಲೆಯೊಳಗಿನ ವಿಚಾರಕ್ಕೆ ಎದುರಾಗುವುದು ಹೇಗೆ? ಅದನ್ನು ಬರೆಸುತ್ತಾರೆ. ತನಗೆ ಅತ್ಯಂತ ಭಯದ ವಿಚಾರವನ್ನು ತನ್ನದೇ ಮಾತಿನಲ್ಲಿ ಬರೆದು ಗಟ್ಟಿಯಾಗಿ ಓದುವುದು, ಮೊಬೈಲಿನಲ್ಲಿ ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ದಿನವೂ ಕೇಳುವುದು. ಮೊದಲ ದಿನ ಅಳು ಉಕ್ಕಿಸುವ ಆ ಮಾತು ದಿನ ಕಳೆದಂತೆ ಬೇಸರ ತರಿಸತೊಡಗುತ್ತದೆ. ಬೇಸರ ಬಂದರೆ ಚಿಕಿತ್ಸೆ ಹಿಡಿದಿದೆ ಎಂದೇ ಅರ್ಥ. ಭಕ್ತಿಯ ವಿಷಯದಲ್ಲಿ ಒಳ್ಳೆಯ ಚಿಕಿತ್ಸಕರು ಬಹಳ ಎಚ್ಚರ ವಹಿಸುತ್ತಾರೆ. ರೋಗಿಯ ಧರ್ಮ ಬೇಡವೆಂದದ್ದನ್ನು ಮಾಡಿಸುವುದಿಲ್ಲ. ವಜೂವಿನಲ್ಲಿ ಅಂಗಗಳನ್ನು ಹೆಚ್ಚೆಂದರೆ 3 ಸಲ ತೊಳೆಯುವುದು ರೂಢಿ, ಅದಕ್ಕೆ ಮೀರುವುದು ಧರ್ಮಕ್ಕೂ ಒಪ್ಪಿಗೆಯಲ್ಲ. ಹಾಗಾಗಿ ಅಷ್ಟಕ್ಕೆ ನಿಲ್ಲಿಸಿ, ಸಂಶಯವನ್ನು ಹೊತ್ತೇ ನಮಾಜಿಗೆ ನಿಲ್ಲುವುದು ಅಭ್ಯಾಸವಾಗುತ್ತದೆ. ಲಿಂಗಪೂಜೆಯಲ್ಲಿ ಬೈಗುಳ ಬಂದರೆ ಪೂಜೆ ನಿಲ್ಲಿಸಬಾರದು, ಮೊದಲಿನಿಂದ ಶುರು ಮಾಡಬಾರದು. ಬೇಕಾದರೆ ಸ್ವಾಮಿಗಳನ್ನೋ ಮೌಲ್ವಿಯನ್ನೋ ಒಂದು ಸಲ ಕೇಳಬಹುದು. ಎರಡನೆಯ ಸಲ ಕೇಳಿದರೆ ಅದೂ ಗೀಳೇ.

ಈ ಸೀಮೆಯ ಕೂಡುಕುಟುಂಬಗಳಲ್ಲಿ ಚಿಕಿತ್ಸೆಯ ಅರ್ಧ ಭಾರ ಮನೆಯವರ ಮೇಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗನ ಸಂಕಟ ನೋಡಲಾರದ ತಾಯಿ ಅವನ ಬಟ್ಟೆಯನ್ನು ಬೇರೆ ಒಗೆಯುತ್ತಾಳೆ, ಅವನು ಬರುವ ಮುಂಚೆ ಬಾಗಿಲ ಚಿಲಕ ಒರೆಸಿಡುತ್ತಾಳೆ, ಅಪ್ಪ ಮೋಟರ್ ಬಂದ್ ಆದದ್ದನ್ನು ತಾನೇ ಹೋಗಿ ನೋಡಿಬರುತ್ತಾನೆ. “ಅವ್ವಾ, ಸ್ಟಾರ್ಟರ್ ಬಂದ್ ಮಾಡೀನಲ್ಲಾ?” ಎಂದು ರಾತ್ರಿ ಕೇಳಿದಷ್ಟು ಸಲವೂ “ಮಾಡೀದಪ್ಪಾ, ಮಕ್ಕೋ” ಎನ್ನುತ್ತಾರೆ. ಪ್ರೀತಿಯೇ ಇದು. ಆದರೆ ಪ್ರತಿ ಉತ್ತರವೂ ಗೀಳಿಗೆ ಉಣಿಸಿದ ತುತ್ತು. ಹಾಗೆಂದು ಒಂದು ದಿನ ಎಲ್ಲವನ್ನೂ ನಿಲ್ಲಿಸಿ “ಹುಚ್ಚುಚ್ಚಾರ ಕೇಳಬ್ಯಾಡ” ಎಂದು ಗದರುವುದೂ ಸರಿಯಲ್ಲ. ಚಿಕಿತ್ಸಕರು ಮನೆಯವರನ್ನೂ ಕೂರಿಸಿಕೊಂಡು, ರೋಗಿಯ ಒಪ್ಪಿಗೆ ಪಡೆದು, ಒಂದು ಮಾತು ಕಲಿಸುತ್ತಾರೆ. “ನಿನಗ ಭಾಳ ತ್ರಾಸ ಆಗಾಕತ್ತದ ಅಂತ ಗೊತ್ತದಪ್ಪಾ. ಆದ್ರ ಇದಕ್ಕ ನಾ ಉತ್ತರ ಕೊಡಂಗಿಲ್ಲ ಅಂತ ಮಾತಾಗೇದಲ್ಲ. ಬಾ, ಇಲ್ಲೇ ಕುಂದ್ರು, ಚಾ ಕುಡಿಯೋಣು.” ಸಂಕಟಕ್ಕೆ ಜೊತೆ ಕೊಡುವುದು, ಗೀಳಿಗೆ ಉತ್ತರ ಕೊಡದಿರುವುದು. ಮೊದಮೊದಲು ಮನೆಯಲ್ಲಿ ಜಗಳವಾಗುತ್ತದೆ, ಅಳುವಾಗುತ್ತದೆ. ಅದಕ್ಕೆ ತಯಾರಿರಬೇಕು.

ಫಲ ಎಷ್ಟು? ಎಡ್ನಾ ಫೋವಾ ಮತ್ತು ಸಂಗಡಿಗರು ಅಮೆರಿಕದಲ್ಲಿ 122 ಮಂದಿ ರೋಗಿಗಳನ್ನು ನಾಲ್ಕು ಗುಂಪು ಮಾಡಿ 12 ವಾರ ನಡೆಸಿದ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ಇಆರ್‌ಪಿ ಪಡೆದವರಲ್ಲಿ ನೂರಕ್ಕೆ 62 ಮಂದಿಗೆ ಗುಣ ಕಂಡಿತು, ಕ್ಲೋಮಿಪ್ರಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 42, ಎರಡನ್ನೂ ಪಡೆದವರಲ್ಲಿ 70, ಬರೀ ಸಕ್ಕರೆ ಮಾತ್ರೆ ಪಡೆದವರಲ್ಲಿ 8. ಎಲ್ಲರಿಗೂ ಗುಣವಾಗಲಿಲ್ಲ ಎಂಬುದು ಇದೇ ಲೆಕ್ಕದಲ್ಲಿದೆ. ಗುಣವಾಯಿತೆಂದರೆ ವಿಚಾರ ಬರುವುದೇ ನಿಂತಿತು ಎಂದೂ ಅಲ್ಲ. ಬಂದ ವಿಚಾರ ದಿನವನ್ನು ನುಂಗುವುದಿಲ್ಲ, ಅಷ್ಟೇ. ಆ ‘ಅಷ್ಟೇ’ಯಲ್ಲಿ ಒಂದು ಸಂಸಾರ ಉಳಿಯುತ್ತದೆ.

ಮಾತ್ರೆಗಳ ಬಗ್ಗೆ ನಮ್ಮಲ್ಲಿ ಅಂಜಿಕೆ ಜಾಸ್ತಿ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್‌ನಂಥವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವವೂ ಅಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಗೀಳಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಪೂರ್ತಿ ಗುಣ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಹದಿನೈದು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವುದೇ ದೊಡ್ಡ ತೊಡಕು. ತಾನಾಗಿಯೇ ಒಮ್ಮೆಗೇ ನಿಲ್ಲಿಸಬಾರದು. ಹಾಲೂಡಿಸುವ ತಾಯಿಗೂ ವೈದ್ಯರು ಆಯ್ದು ಕೊಡಬಹುದಾದ ಮಾತ್ರೆಗಳಿವೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಗೀಳು ಇರುವ ತಾಯಿ ತನ್ನ ವಿಚಾರಕ್ಕೆ ತಾನೇ ಹೇಸಿ, ಕೂಸಿನಿಂದ ದೂರ ಸರಿಯುತ್ತಾಳೆ. ಇಂಥ ವಿಚಾರದಿಂದ ಕೂಸಿಗೆ ಅಪಾಯ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಆದರೆ ಬಾಣಂತಿಗೆ ದನಿಗಳು ಕೇಳಿಸುತ್ತಿದ್ದರೆ, ಕೂಸು ತನ್ನದಲ್ಲ ಎನ್ನುತ್ತಿದ್ದರೆ, ನಿದ್ದೆಯಿಲ್ಲದೆ ಗೊಂದಲದಲ್ಲಿದ್ದರೆ, ವಿಚಾರ ಸರಿಯೇ ಎಂದು ನಂಬತೊಡಗಿದರೆ ಅದು ಬೇರೆ ಕಾಯಿಲೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಗೀಳಿನಿಂದ ಬಳಲಿ ಸಾಯುವ ಮಾತಾಡುವವರನ್ನೂ ಒಬ್ಬರೇ ಬಿಡಬಾರದು, ತಡ ಮಾಡಬಾರದು.

ಇಷ್ಟೆಲ್ಲ ಇದ್ದರೂ ಸಿಂಧನೂರಿನ ಹುಡುಗನಿಗೆ ಇದು ಸಿಗುತ್ತದೆಯೇ? ಒಂದು ದೊಡ್ಡ ಸಂಗತಿಯನ್ನು ನಾವು ಮರೆತಿದ್ದೇವೆ. ತುಂಗಭದ್ರೆಯ ಹೊಳೆ ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಕೈಹಾಕಿತು. ಮನೋವೈದ್ಯರು ಬೆಂಗಳೂರಿನಲ್ಲೇ ಕೂತರೆ ಹಳ್ಳಿಯ ರೋಗಿಗೆ ಏನು ಲಾಭ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೇಕಾದ ಮಾತ್ರೆಗಳನ್ನು ಅಲ್ಲಿಯೇ ಸಿಗುವಂತೆ ಮಾಡಿ, ಜಿಲ್ಲೆಯಲ್ಲೊಂದು ಚಿಕ್ಕ ತಂಡ ಬೆನ್ನಿಗಿಟ್ಟರು. ಅದು ನಡೆಯುತ್ತದೆ ಎಂದು ಬಳ್ಳಾರಿ ತೋರಿಸಿದ ಮೇಲೆ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯಲ್ಲಿ ಹುಟ್ಟಿತು. ಇಡೀ ದೇಶಕ್ಕೆ ದಾರಿ ತೋರಿದ್ದು ನಮ್ಮ ಪಕ್ಕದ ಜಿಲ್ಲೆ. ಹೆಮ್ಮೆ ಪಡಬೇಕಾದ್ದೇ. ಆದರೆ ಆ ದಾರಿಯಲ್ಲಿ ಹಳ್ಳಿಗೆ ಬಂದದ್ದು ಹೆಚ್ಚಾಗಿ ಮಾತ್ರೆ. ವಾರವಾರ ಗಂಟೆಗಟ್ಟಲೆ ಕೂತು ಕಲಿಸುವ ಇಆರ್‌ಪಿಯಂಥ ಚಿಕಿತ್ಸೆ ಮಹಾನಗರದಲ್ಲೇ ನಿಂತುಬಿಟ್ಟಿತು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಗೀಳು ಕಾಯಿಲೆ ಇರುವವರು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಈ ಲೆಕ್ಕ ಹಿಡಿದರೆ ಜಿಲ್ಲೆಯೊಂದರಲ್ಲೇ ಸಾವಿರಾರು ಮಂದಿ ಆಗುತ್ತಾರೆ. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯೇ ಸಿಗದವರು ನೂರಕ್ಕೆ 70ರಿಂದ 92 ಎಂದೂ ಅದೇ ಸಮೀಕ್ಷೆ ಹೇಳಿತು. ರಾಯಚೂರಿಗೆ ಏಮ್ಸ್ ಬೇಕೆಂದು ಜನ 2022ರ ಮೇ ತಿಂಗಳಿಂದ ಧರಣಿ ಕೂತದ್ದು ಎಲ್ಲರಿಗೂ ಗೊತ್ತು. ದೊಡ್ಡ ಆಸ್ಪತ್ರೆ ಬರಲಿ. ಅದರ ಜೊತೆಗೆ ನಾವು ಕೇಳಬೇಕಾದದ್ದು, ಕಡಿಮೆ ಖರ್ಚಿನದು, ಇನ್ನೊಂದಿದೆ: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಆರ್‌ಪಿ ಕಲಿತ ಒಬ್ಬ ಮನಶ್ಶಾಸ್ತ್ರಜ್ಞ. ಕಟ್ಟಡ ಬೇಡ, ಯಂತ್ರ ಬೇಡ. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಸಾಕು.

ಸದ್ಯಕ್ಕೆ ಇರುವ ದಾರಿಗಳನ್ನು ಹೇಳುತ್ತೇನೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಟಿದೆ. ಸಿಂಧನೂರು, ಲಿಂಗಸುಗೂರಿನ ಆಸ್ಪತ್ರೆಗಳಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಹೋಗುವುದು ಒಳಿತು. ಮಸ್ಕಿಯವರಿಗೆ ಎರಡೂ ಊರು ಒಂದೇ ದಾರಿಯ ಮೇಲಿವೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಬೇರೆ ಕ್ಲಿನಿಕ್ ಇದೆ; ದೇಶದ ವೈದ್ಯರಿಗಾಗಿ ಭಾರತೀಯ ಮನೋವೈದ್ಯರ ಸಂಘ 2017ರಲ್ಲಿ ಪ್ರಕಟಿಸಿದ ಗೀಳು ಚಿಕಿತ್ಸೆಯ ಮಾರ್ಗಸೂಚಿಯನ್ನು ಬರೆದವರು ಅಲ್ಲಿಯ ಪ್ರಾಧ್ಯಾಪಕ ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಹೋದ್ಯೋಗಿಗಳು. ಎಲ್ಲಿಗೂ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ವೈದ್ಯರ ಮುಂದೆ ಕೂತಾಗ ‘ಟೆನ್ಶನ್ ಅದರಿ, ನಿದ್ದಿ ಬರವಲ್ದು’ ಎಂದಷ್ಟೇ ಹೇಳಿದರೆ ಸಿಗುವುದು ನಿದ್ದೆಯ ಮಾತ್ರೆ. ವಿಚಾರವನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು. “ಸರ, ನನಗ ಬ್ಯಾಡಂದ್ರೂ ಇಂಥಾ ವಿಚಾರ ಬರ್ತಾವ. ಅವು ಬಂದ್ರ ನಾ ಹಿಂಗಿಂಗ ಮಾಡ್ತೀನಿ. ದಿನಕ್ಕ ಇಷ್ಟು ತಾಸು ಹೋಗ್ತದ.” ಈ ಮೂರು ಮಾತು ಇದ್ದರೆ ಮನೋವೈದ್ಯರಿಗೆ ಕಾಯಿಲೆಯ ಗುರುತು ಸಿಗಲು ತಡವಾಗುವುದಿಲ್ಲ. ಆಮೇಲೆ ಕೇಳಲೇಬೇಕಾದ ಪ್ರಶ್ನೆ ಒಂದು: “ಇಆರ್‌ಪಿ ಕಲಿಸೋರು ಇಲ್ಲಿ ಯಾರದಾರ್ರೀ? ಇಲ್ಲಂದ್ರ ಫೋನಿನ್ಯಾಗ, ವಿಡಿಯೋದಾಗ ಆಗ್ತದೇನು?” ಆಪ್ತಸಲಹೆ ಎಂಬ ಹೆಸರಿನಲ್ಲಿ ಬರೀ ಸಮಾಧಾನ ಹೇಳಿ ಕಳಿಸುವವರೂ ಇದ್ದಾರೆ, ವಿಚಾರ ಬಂದಾಗ ಮುಂಗೈಗೆ ರಬ್ಬರ್ ಬ್ಯಾಂಡ್ ಹೊಡೆದುಕೋ ಎನ್ನುವವರೂ ಇದ್ದಾರೆ. ಹಾಗಾಗಿ ಹೆಸರು ಹಿಡಿದೇ ಕೇಳಿ.